ಮುಚ್ಚುಮರೆ ಇಲ್ಲದ ಗಾಡಿ: ಹಳೇ ಕಾರು ಕೊಂಡು, ಸರಿಮಾಡಿ, ಮಾರುವ ಹವ್ಯಾಸಿಗಳ ಪ್ರಣಾಳಿಕೆ

ನಾವು ಯಾರು

ನಾವು ಹಳೇ ಕಾರು ಕೊಳ್ಳುವವರು. ಕೊಂಡು, ಬಿಚ್ಚಿ, ಸರಿಮಾಡಿ, ಕೆಲವು ತಿಂಗಳು ಓಡಿಸಿ, ಮಾರುವವರು. ಮಾರಿದ ದುಡ್ಡಿನಲ್ಲಿ ಇನ್ನೊಂದು ಹಳೇ ಕಾರು ಹುಡುಕುವವರು. ಹೊಟ್ಟೆಪಾಡಿಗೆ ನಮಗೆ ಬೇರೆ ಕೆಲಸವಿದೆ. ನಮ್ಮಲ್ಲಿ ಬ್ಯಾಂಕ್ ನೌಕರರಿದ್ದಾರೆ, ಹೈಸ್ಕೂಲ್ ಮೇಷ್ಟ್ರಿದ್ದಾರೆ, ನರ್ಸ್‌ಗಳಿದ್ದಾರೆ, ಸಾಫ್ಟ್‌ವೇರಿನವರಿದ್ದಾರೆ, ಅಡಿಕೆ ತೋಟದವರಿದ್ದಾರೆ. ವಾರವಿಡೀ ಅವರವರ ಕಸುಬು. ಭಾನುವಾರ ಎಲ್ಲರ ಉಗುರಲ್ಲೂ ಗ್ರೀಸು.

ಟಿವಿಯಲ್ಲಿ ‘ವೀಲರ್ ಡೀಲರ್ಸ್’ ನೋಡಿ ಈ ಹುಚ್ಚು ಹತ್ತಿಸಿಕೊಂಡವರು ಕೆಲವರು. 2003ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಮೈಕ್ ಬ್ರೂವರ್ ಗಾಡಿ ಕೊಳ್ಳುತ್ತಿದ್ದರು, ಎಡ್ ಚೈನಾ ರಿಪೇರಿ ಮಾಡುತ್ತಿದ್ದರು, ಕೊನೆಗೆ ಲಾಭದ ಲೆಕ್ಕ ಬರುತ್ತಿತ್ತು. ಎಡ್ ಚೈನಾ ಅವರ ಕೂಲಿ ಮಾತ್ರ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಇನ್ನು ಕೆಲವರು ಬೀದಿ ಕೊನೆಯ ಗ್ಯಾರೇಜಿನಲ್ಲಿ ಮೇಸ್ತ್ರಿಯ ಪಕ್ಕ ನಿಂತು, “ಹದಿನಾಲ್ಕರ ಸ್ಪ್ಯಾನರ್ ಕೊಡಪ್ಪ” ಎಂದಾಗ ಕೊಟ್ಟು, ಬೈಸಿಕೊಂಡು, ಕಲಿತವರು.

ನಮ್ಮನ್ನು ವಿಂಟೇಜ್ ಕಾರಿನವರ ಜೊತೆ ಸೇರಿಸಬೇಡಿ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೇ ಕಾರುಗಳ ಮುಂದೆ ನಾವೂ ಬಾಯಿ ಬಿಟ್ಟು ನಿಂತವರೇ. ಆದರೆ ಐವತ್ತು ವರ್ಷ ದಾಟಿದ ಆ ಜಾತಿಯ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಬೇರೆಯೇ ನಿಯಮ ಮಾಡಿ ‘ವಿಎ’ ಸರಣಿಯ ನಂಬರು ಕೊಟ್ಟಿದೆ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು, ದಿನಬಳಕೆಗೆ ಓಡಿಸುವಂತಿಲ್ಲ. ನಮ್ಮವು ಮಾರ್ಕೆಟ್ಟಿಗೆ ಹೋಗುವ, ಮಕ್ಕಳನ್ನು ಸ್ಕೂಲಿಗೆ ಬಿಡುವ, ಹಬ್ಬಕ್ಕೆ ಊರಿಗೆ ಓಡುವ ಗಾಡಿಗಳು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಮಾರುತಿ 800. 1998ರಲ್ಲಿ ಬಂದ ಸ್ಯಾಂಟ್ರೊ ಮತ್ತು ಇಂಡಿಕಾ. ಝೆನ್, ಎಸ್ಟೀಮ್, ವ್ಯಾಗನ್ ಆರ್. ನಮ್ಮ ಬಿಡದಿಯಲ್ಲೇ ತಯಾರಾಗಿ 2000ದಿಂದ 2005ರವರೆಗೆ ಮಾರಾಟವಾದ ಕ್ವಾಲಿಸ್. ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ ವಿದ್ಯುತ್ ಕಾರು ರೇವಾ.

ವ್ಯಾಪಾರಿಗಳ ಜೊತೆಗೂ ಸೇರಿಸಬೇಡಿ. ಅವರದು ಕಸುಬು; ಬಾಡಿಗೆ, ಸಂಬಳ, ಬಡ್ಡಿ ಎಲ್ಲ ಅದರಲ್ಲೇ ಹುಟ್ಟಬೇಕು. ನಮಗೆ ಆ ಹೊರೆ ಇಲ್ಲ. ಹೊರೆ ಇಲ್ಲದವರಿಗೆ ನೆಪವೂ ಇರಬಾರದು. ಅದಕ್ಕೇ ಈ ಪ್ರಣಾಳಿಕೆ.

ರೋಗ ಎಲ್ಲಿದೆ

ಹಳೇ ಕಾರು ನೋಡಲು ಹೋದವರ ಕಿವಿಗೆ ಬೀಳುವ ಮಾತುಗಳು ಎಲ್ಲ ಊರಲ್ಲೂ ಒಂದೇ. “ಡಾಕ್ಟರ್ ಓಡಿಸಿದ ಗಾಡಿ ಸಾರ್.” “ಸಿಂಗಲ್ ಓನರ್, ಮನೇಲೇ ನಿಂತಿತ್ತು.” “ಷೋರೂಂ ಕಂಡೀಷನ್, ಒಂದ್ ರೂಪಾಯಿ ಕೆಲಸ ಇಲ್ಲ.” ಈ ರಾಜ್ಯದ ಡಾಕ್ಟರುಗಳೆಲ್ಲ ರೋಗಿಗಳನ್ನು ಬಿಟ್ಟು ಹಗಲಿರುಳು ಸ್ಟಿಯರಿಂಗ್ ಹಿಡಿದರೂ ಅವರ ಹೆಸರಲ್ಲಿ ಮಾರಾಟವಾದಷ್ಟು ಕಾರು ಓಡಿಸಿ ಮುಗಿಸಲಾರರು.

ಈ ಮಾತುಗಳ ಹಿಂದೆ ನಡೆಯುವ ಕೆಲಸ ಬೇರೆ. ಮೀಟರು ಹಿಂದಕ್ಕೆ ಹೋಗುತ್ತದೆ. ತುಕ್ಕು ಹಿಡಿದ ಜಾಗಕ್ಕೆ ಪಟ್ಟಿ ಮೆತ್ತಿ ಮೇಲೆ ಪೇಂಟ್ ಹೊಡೆಯುತ್ತಾರೆ. ಸದ್ದು ಮಾಡುವ ಇಂಜಿನ್ನಿಗೆ ಮಂದವಾದ ಆಯಿಲ್ ಸುರಿದು ಒಂದು ವಾರ ಸುಮ್ಮನಾಗಿಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಎಚ್ಚರಿಕೆಯ ದೀಪದ ಬಲ್ಬನ್ನೇ ಕಿತ್ತು ಬಿಸಾಡುತ್ತಾರೆ. 2015ರಲ್ಲಿ ಚೆನ್ನೈ ಮುಳುಗಿದಾಗ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ನೀರು ನಿಂತಾಗ ಎಷ್ಟೋ ಕಾರುಗಳು ಸೀಟಿನ ಮಟ್ಟದವರೆಗೆ ನೆನೆದವು. ಅಂಥ ಗಾಡಿ ಒಣಗಿ, ತೊಳೆಸಿಕೊಂಡು, ಅತ್ತರು ಪೂಸಿಕೊಂಡು ದೂರದ ಊರಿನಲ್ಲಿ ಮಾರಾಟಕ್ಕೆ ನಿಂತರೆ ಗುರುತು ಹಿಡಿಯುವುದು ಸುಲಭವಲ್ಲ.

ಇದರ ಪರಿಣಾಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಒಂದು ಪ್ರಬಂಧದಲ್ಲಿ ಬಿಡಿಸಿಟ್ಟರು. ಅವರು ತೆಗೆದುಕೊಂಡ ಉದಾಹರಣೆಯೇ ಹಳೇ ಕಾರಿನ ಮಾರುಕಟ್ಟೆ. ಗಾಡಿಯ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಎಲ್ಲ ಗಾಡಿಗೂ ಅನುಮಾನದ ರೇಟು ಹೇಳುತ್ತಾನೆ. ಆ ರೇಟಿಗೆ ಒಳ್ಳೇ ಗಾಡಿ ಇಟ್ಟುಕೊಂಡವನು ಮಾರಲು ಒಪ್ಪುವುದಿಲ್ಲ, ಮನೆಗೆ ವಾಪಸ್ ಒಯ್ಯುತ್ತಾನೆ. ಉಳಿಯುವುದು ಕೆಟ್ಟ ಗಾಡಿಗಳು. ಆಗ ರೇಟು ಇನ್ನಷ್ಟು ಇಳಿಯುತ್ತದೆ, ಉಳಿದ ಒಳ್ಳೆಯವೂ ಹೊರಬೀಳುತ್ತವೆ. ಮಾಹಿತಿಯ ಈ ಅಸಮತೋಲನ ಮಾರುಕಟ್ಟೆಯನ್ನು ಏನು ಮಾಡುತ್ತದೆ ಎಂಬ ವಿಶ್ಲೇಷಣೆಗೆ 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು.

ಅಂದರೆ ಸುಳ್ಳು ಹೇಳಿ ಮಾರಿದವನು ಕೊಂಡವನೊಬ್ಬನಿಗೆ ಮೋಸ ಮಾಡಿ ಸುಮ್ಮನಾಗುವುದಿಲ್ಲ. ಊರಿನ ಎಲ್ಲ ಒಳ್ಳೇ ಗಾಡಿಗಳ ಬೆಲೆಯಿಂದ ಒಂದಿಷ್ಟು ಕಿತ್ತುಕೊಂಡಿರುತ್ತಾನೆ. ಹದಿನೈದು ವರ್ಷ ಶ್ರದ್ಧೆಯಿಂದ ಆಯಿಲ್ ಬದಲಾಯಿಸಿದ ನಿವೃತ್ತ ಮೇಷ್ಟ್ರ ಕಾರಿಗೂ, ಯಾವನೋ ಜಜ್ಜಿ ಹಾಕಿ ಪಟ್ಟಿ ಮೆತ್ತಿದ ಕಾರಿಗೂ ಒಂದೇ ರೇಟು ಹೇಳುವ ಸಂತೆ ಹೀಗೆ ಹುಟ್ಟಿದೆ.

ನಮ್ಮ ನಂಬಿಕೆ

ಹವ್ಯಾಸ ಅಂದಮೇಲೆ ಮಾರುವುದೇಕೆ, ಇಟ್ಟುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಮಾರುವುದು ಈ ಹವ್ಯಾಸಕ್ಕೆ ಅಂಟಿದ ಕೊಳೆ ಎಂಬಂತೆ ನೋಡುವವರೂ ಇದ್ದಾರೆ. ಈ ಬಳಗ ಕಟ್ಟುತ್ತಿರುವುದೇ ಅದಕ್ಕೆ ಎದುರುತ್ತರ ಹೇಳಲು: ಮಾರುವುದೇ ಈ ಹವ್ಯಾಸದ ಪರೀಕ್ಷೆ.

ನಮ್ಮದೇ ಗಾಡಿಯ ಬ್ರೇಕು ಸ್ವಲ್ಪ ಎಡಕ್ಕೆ ಎಳೆದರೆ ನಾವು ಹೊಂದಿಕೊಳ್ಳುತ್ತೇವೆ. ಎರಡನೇ ಗೇರಿಗೆ ಹೇಗೆ ಬೀಳಿಸಬೇಕು ಎಂಬ ಗುಟ್ಟು ನಮ್ಮ ಕೈಗೆ ಗೊತ್ತಿರುತ್ತದೆ. ಹಿಂದಿನ ಬಾಗಿಲು ಒಳಗಿನಿಂದ ತೆರೆಯದಿದ್ದರೆ ಮಗಳಿಗೆ ಹೇಳಿಕೊಟ್ಟಿರುತ್ತೇವೆ. ಇನ್ನೊಬ್ಬರ ಕೈಗೆ ಕೀಲಿ ಕೊಡುವ ದಿನ ಈ ಹೊಂದಾಣಿಕೆಗಳೆಲ್ಲ ದೋಷಗಳಾಗುತ್ತವೆ. ಅವರ ಮಕ್ಕಳು ಕೂರುವ ಗಾಡಿಯಲ್ಲಿ ‘ನಡೆಯುತ್ತೆ ಬಿಡು’ ಎನ್ನುವ ಹಕ್ಕು ನಮಗಿಲ್ಲ. ಮಾರಬೇಕು ಎಂದು ಗೊತ್ತಿದ್ದಾಗಲೇ ರಿಪೇರಿ ಶುದ್ಧವಾಗುವುದು.

ಹಾಗಾಗಿ ನಾವು ಮಾರುವುದು ಕಾರೊಂದನ್ನೇ ಅಲ್ಲ, ಅದರ ಪೂರ್ತಿ ವೃತ್ತಾಂತವನ್ನೂ. ಬಳಗದ ಪ್ರತಿಯೊಂದು ಗಾಡಿಯ ಜೊತೆ ಒಂದು ‘ಗಾಡಿ ಪುಸ್ತಕ’ ಹೋಗುತ್ತದೆ. ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಏನು ಕಂಡಿತು, ಬಲಪುಟದಲ್ಲಿ ಏನು ಮಾಡಿದೆವು: ತಾರೀಕು, ಮೀಟರಿನ ಅಂಕಿ, ಹಾಕಿದ ಭಾಗ, ಕಂಪನಿಯದೋ ಲೋಕಲ್ಲೋ ಗುಜರಿಯದೋ, ಬಿಲ್ಲು. ಕೊನೆಯ ಪುಟ ಎಲ್ಲಕ್ಕಿಂತ ಮುಖ್ಯ. ಅಲ್ಲಿರುವುದು ನಾವು ಮಾಡದೆ ಬಿಟ್ಟ ಕೆಲಸಗಳ ಪಟ್ಟಿ. “ಏಸಿ ಮಧ್ಯಾಹ್ನ ಸರಿಯಾಗಿ ತಣಿಸುವುದಿಲ್ಲ. ಬಲಗಡೆ ಹಿಂಬಾಗಿಲಿನ ಕೆಳಗೆ ತುಕ್ಕು ಶುರುವಾಗಿದೆ. ಇನ್ನು ಹತ್ತು ಸಾವಿರ ಕಿಲೋಮೀಟರಿಗೆ ಟೈರು ಬೇಕು.” ಈ ಪುಟ ಖಾಲಿ ಬಿಟ್ಟು ಮಾರುವವರಿಗೆ ನಮ್ಮಲ್ಲಿ ಜಾಗವಿಲ್ಲ. ಹಳೇ ಗಾಡಿಯಲ್ಲಿ ಕೆಲಸ ಬಾಕಿ ಇಲ್ಲ ಎಂದರೆ ನೋಡಿಲ್ಲ ಎಂದೇ ಅರ್ಥ.

ಕೊಳ್ಳುವಾಗ

1. ಹಗಲಲ್ಲಿ, ಒಣಗಿದ ಗಾಡಿಯನ್ನು, ತಣ್ಣಗಿನ ಇಂಜಿನ್ನಿನಲ್ಲಿ ನೋಡುತ್ತೇವೆ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟ ಗಾಡಿ ಏನನ್ನೋ ಬಚ್ಚಿಡುತ್ತಿರುತ್ತದೆ. ಹೊಗೆಯ ಬಣ್ಣ ನೋಡುತ್ತೇವೆ. ನೀಲಿಯಾದರೆ ಆಯಿಲ್ ಸುಡುತ್ತಿದೆ, ಕಪ್ಪಾದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ, ಬಿಸಿಯಾದ ಮೇಲೂ ದಟ್ಟ ಬಿಳಿ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡುತ್ತೇವೆ.

2. ಊರು ಕೇಳುತ್ತೇವೆ. ಮಂಗಳೂರು, ಉಡುಪಿ, ಕಾರವಾರದ ಗಾಡಿಯಾದರೆ ಬಣ್ಣ ನೋಡುವ ಮೊದಲು ಕೆಳಗೆ ಮಲಗಿ ನೋಡುತ್ತೇವೆ. ಕಡಲ ಗಾಳಿ ತಿನ್ನುವುದು ತಳವನ್ನು. ಮಲೆನಾಡಿನ ಗಾಡಿಯಲ್ಲಿ ಕ್ಲಚ್ಚು, ಬುಷ್ಷು. ಬಳ್ಳಾರಿ ಸೀಮೆಯದಾದರೆ ಅದಿರಿನ ಧೂಳು ಕುಡಿದ ಏರ್ ಫಿಲ್ಟರ್. ಬೆಂಗಳೂರಿನ ಗಾಡಿಯ ಮೀಟರು ನಿಜವಾಗಿಯೇ ಕಡಿಮೆ ಓಡಿರುತ್ತದೆ, ಆದರೆ ಸಿಗ್ನಲ್ಲಿನಲ್ಲಿ ನಿಂತು ಉರಿದ ಗಂಟೆಗಳನ್ನು ಯಾವ ಮೀಟರೂ ಬರೆದಿಡುವುದಿಲ್ಲ.

3. ಕಾರ್ಪೆಟ್ ಎತ್ತುತ್ತೇವೆ, ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತೇವೆ. ಸ್ಟೆಪ್ನಿ ಗುಂಡಿಯಲ್ಲಿ ಸಣ್ಣ ಮಣ್ಣು, ಬೆಲ್ಟಿನ ತುದಿಯಲ್ಲಿ ಕೆಸರಿನ ಗೆರೆ, ಸೀಟಿನ ಕೆಳಗಿನ ಬೋಲ್ಟಿಗೆ ತುಕ್ಕು ಇದ್ದರೆ ಗಾಡಿ ಈಜಿ ಬಂದಿದೆ ಎಂದು ತಿಳಿದು ಕೈಮುಗಿದು ಹೊರಡುತ್ತೇವೆ.

4. ಪೇಂಟಿನಡಿಯ ಪಟ್ಟಿ ಪತ್ತೆ ಹಚ್ಚಲು ಆಯಸ್ಕಾಂತ ಸಾಕು. ಪಟ್ಟಿ ದಪ್ಪಗಿದ್ದಲ್ಲಿ ಅದು ಕಚ್ಚುವುದಿಲ್ಲ. ಬಳಗಕ್ಕೊಂದು ಪೇಂಟ್ ಗೇಜ್ ಕೊಳ್ಳುತ್ತೇವೆ. ಕಾರ್ಖಾನೆಯ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಅದರ ಎಷ್ಟೋ ಪಟ್ಟು ಬಂದರೆ ಅಡಿಯಲ್ಲಿ ಕಥೆ ಇದೆ. ಹೊರಗಿನ ಬಾಗಿಲು, ಬಂಪರಿಗೆ ಪೆಟ್ಟು ಬಿದ್ದಿದ್ದರೆ ಸರಿಮಾಡಬಹುದು. ಪಿಲ್ಲರು, ಚಾಸಿಸ್ ಕತ್ತರಿಸಿ ವೆಲ್ಡ್ ಮಾಡಿದ ಗಾಡಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಒಲ್ಲೆವು.

5. ಮಾರುವವರ ಕಷ್ಟವನ್ನು ಬಂಡವಾಳ ಮಾಡಿಕೊಳ್ಳುವುದಿಲ್ಲ. ಗಂಡ ತೀರಿಕೊಂಡು, ನಿಂತಲ್ಲೇ ನಿಂತ ಕಾರನ್ನು ಮಾರಲು ಹೊರಟ ಅಮ್ಮನಿಗೆ ಅದರ ನಿಜವಾದ ಬೆಲೆ ಗೊತ್ತಿರುವುದಿಲ್ಲ. ಮೊದಲು ಬೆಲೆ ಹೇಳುತ್ತೇವೆ, ಆಮೇಲೆ ಚೌಕಾಸಿ. ಕೊಳ್ಳುವಾಗ ಸುಳ್ಳು ಹೇಳಿದವರು ಮಾರುವಾಗ ನಿಜ ಹೇಳುತ್ತಾರೆ ಎಂದು ಯಾರೂ ನಂಬುವುದಿಲ್ಲ.

ಸರಿಮಾಡುವಾಗ

ನಿಲ್ಲುವುದು ಮೊದಲು, ತಿರುಗುವುದು ಆಮೇಲೆ, ಓಡುವುದು ನಂತರ, ಹೊಳೆಯುವುದು ಕೊನೆಗೆ. ಇದು ನಮ್ಮ ಘೋಷವಾಕ್ಯ. ಮಾರುಕಟ್ಟೆ ಇದನ್ನು ತಲೆಕೆಳಗು ಮಾಡಿದೆ. ದುಡ್ಡೆಲ್ಲ ಪಾಲಿಶ್‌ಗೆ, ಸೀಟ್ ಕವರಿಗೆ ಹೋಗಿ ಬ್ರೇಕಿಗೆ ಉಳಿಯುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಕೊಂಡ ಗಾಡಿಯಲ್ಲಿ ಅದನ್ನು ಕಣ್ಣುಮುಚ್ಚಿ ಬದಲಾಯಿಸುತ್ತೇವೆ. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ಓದುತ್ತೇವೆ: 2319 ಎಂದಿದ್ದರೆ 2019ರ 23ನೇ ವಾರ. ಕಚ್ಚು ಚೆನ್ನಾಗಿದ್ದರೂ ವಯಸ್ಸಾದ ರಬ್ಬರು ಮಳೆಯಲ್ಲಿ ಹಿಡಿಯುವುದಿಲ್ಲ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಿನಲ್ಲಿ ಬೆಲ್ಟು ಯಾವಾಗ ಹಾಕಿದ್ದು ಎಂಬ ದಾಖಲೆ ಇಲ್ಲದಿದ್ದರೆ ಹೊಸದು ಹಾಕುತ್ತೇವೆ; ಹಲವು ಇಂಜಿನ್ನುಗಳಲ್ಲಿ ಬೆಲ್ಟು ತುಂಡಾದರೆ ಪಿಸ್ಟನ್ನು ಬಂದು ವಾಲ್ವಿಗೆ ಬಡಿದು, ಉಳಿಸಿದ ಕೆಲವು ಸಾವಿರ ಹತ್ತು ಪಟ್ಟಾಗಿ ಹೋಗುತ್ತದೆ. ದೋಷವಿದ್ದ ತಕಾಟಾ ಏರ್‌ಬ್ಯಾಗುಗಳಿಗಾಗಿ ಕಂಪನಿಗಳು ವಾಪಸ್ ಕರೆದ ಮಾದರಿಯಾದರೆ ಚಾಸಿಸ್ ನಂಬರು ಕೊಟ್ಟು ವಿಚಾರಿಸುತ್ತೇವೆ. ಆ ಕೆಲಸಕ್ಕೆ ಮಾಲೀಕರು ದುಡ್ಡು ಕೊಡಬೇಕಿಲ್ಲ. ಬದಲಾಯಿಸದಿದ್ದರೆ ಮುಂದಿನವರ ಎದೆಯ ಮುಂದೆ ಸಿಡಿಯುವುದು ಆ ಏರ್‌ಬ್ಯಾಗೇ.

ಬಿಡಿಭಾಗಕ್ಕೆ ನಮ್ಮ ತೀರ್ಥಕ್ಷೇತ್ರಗಳು ಎಲ್ಲರಿಗೂ ಗೊತ್ತು: ಹೊಸದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ, ಅಲ್ಲೂ ಸಿಗದಿದ್ದರೆ ಚೆನ್ನೈನ ಪುದುಪೇಟೆ. ಗುಜರಿಯ ಮೇಲೆ ನಮಗೆ ಗೌರವವಿದೆ. ನಿಂತುಹೋದ ಮಾದರಿಯ ಬಾಗಿಲಿನ ಹಿಡಿ, ಗಾಜು, ಸ್ವಿಚ್ಚು, ಡೂಮು ಅಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು? ಆದರೆ ಗೆರೆ ಸ್ಪಷ್ಟವಾಗಿದೆ. ಬ್ರೇಕು, ಸ್ಟಿಯರಿಂಗ್, ಸೀಟ್‌ಬೆಲ್ಟು, ಏರ್‌ಬ್ಯಾಗು ಗುಜರಿಯಿಂದ ಬರುವುದಿಲ್ಲ. ಮತ್ತು ಬಿಲ್ಲಿಲ್ಲದ, ಹಿನ್ನೆಲೆ ಹೇಳಲಾಗದ ಮಾಲು ಎಷ್ಟು ಅಗ್ಗವಾದರೂ ಬೇಡ. ಅದು ಯಾರದೋ ಮನೆ ಮುಂದಿನಿಂದ ಕದ್ದು ತಂದದ್ದಿರಬಹುದು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ಹಾಗಾಗಿ ಕತ್ತರಿಸಿ ಎತ್ತರಿಸುವುದು, ಸೈಲೆನ್ಸರ್ ಕಿತ್ತು ಗುಡುಗಿಸುವುದು ನಮ್ಮ ಕೆಲಸವಲ್ಲ. ಇಂಜಿನ್ ಬದಲಾದರೆ, ಬಣ್ಣ ಬದಲಾದರೆ ಆರ್‌ಸಿಯಲ್ಲಿ ಬರೆಸುತ್ತೇವೆ. ಹಳೇ ರೇವಾದ ಸತ್ತ ಬ್ಯಾಟರಿಗಳ ಜಾಗದಲ್ಲಿ ಲಿಥಿಯಂ ಇಟ್ಟು ಮತ್ತೆ ಓಡಿಸಿದ ಹವ್ಯಾಸಿಗಳನ್ನು ಮೆಚ್ಚುತ್ತೇವೆ. ಆದರೆ ಅಂಥ ಕೆಲಸ ಆರ್‌ಟಿಒ ಒಪ್ಪಿಗೆ ಇಲ್ಲದೆ ಮಾರಾಟಕ್ಕೆ ಬರಬಾರದು.

ಗೊತ್ತಿಲ್ಲದ ಕೆಲಸವನ್ನು ಗೊತ್ತಿದ್ದವರಿಗೆ ಕೊಡುತ್ತೇವೆ. ಟಿಂಕರಿಂಗ್, ಲೇತ್, ಬೋರಿಂಗ್, ಏಸಿ ಒಂದೊಂದೂ ಒಂದು ಜೀವಮಾನದ ವಿದ್ಯೆ. ವಿಡಿಯೊ ನೋಡಿ ಬಂದು ಮೇಸ್ತ್ರಿಗೆ ಪಾಠ ಹೇಳುವವರನ್ನು, ಅವರ ಕೂಲಿಯಲ್ಲಿ ಚೌಕಾಸಿ ಮಾಡುವವರನ್ನು ನಾವು ಸದಸ್ಯರೆಂದು ಕರೆಯುವುದಿಲ್ಲ. ಗಾಡಿ ಪುಸ್ತಕದಲ್ಲಿ ಕೆಲಸ ಮಾಡಿದ ಮೇಸ್ತ್ರಿಯ ಹೆಸರು, ಅವರು ಒಪ್ಪಿದರೆ, ಬರೆಯುತ್ತೇವೆ. ಸರಿಮಾಡಿದ ಕೈಗೂ ಮರ್ಯಾದೆ ಸಲ್ಲಬೇಕು.

ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಆ ಭಾನುವಾರ ಕೆಲಸವಿಲ್ಲ.

ಕಾಗದಪತ್ರ

ಎಂಥ ಮೇಸ್ತ್ರಿಯೂ ಸರಿಮಾಡಲಾಗದ ಭಾಗವೊಂದಿದೆ, ಅದು ಆರ್‌ಸಿ. ನಮ್ಮಲ್ಲಿ ಹಳೇ ಕಾರು ಕೈಬದಲಾಯಿಸುವ ರೂಢಿ ಎಂದರೆ ಮಾಲೀಕರಿಂದ ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಳ್ಳುವುದು. ಹೆಸರು ಬರೆಯದ ಆ ಫಾರಂ ಒಂದರ ಹಿಂದೆ ಒಂದು ಕೈ ದಾಟುತ್ತದೆ. ಗಾಡಿ ಎಲ್ಲೋ ಓಡುತ್ತಿರುತ್ತದೆ, ದಾಖಲೆಯಲ್ಲಿ ಮಾಲೀಕರು ಮಾತ್ರ ಮೊದಲಿನವರೇ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತೀರ್ಪು ಕೊಟ್ಟಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ. ಕಾರು ಮಾರಿ ಮರೆತವರ ಮನೆಗೆ ಅಪಘಾತದ ನೋಟಿಸು ಬರುವುದು ಹೀಗೆ.

ಆದ್ದರಿಂದ ನಾವು ಕೊಂಡ ಗಾಡಿ ಮೊದಲು ನಮ್ಮ ಹೆಸರಿಗೆ ಬರುತ್ತದೆ. ಇದರಿಂದ ಆರ್‌ಸಿಯಲ್ಲಿ ಮಾಲೀಕರ ಸಂಖ್ಯೆ ಒಂದು ಹೆಚ್ಚಿ ಬೆಲೆ ಸ್ವಲ್ಪ ಇಳಿಯುತ್ತದೆ ಎಂಬುದು ಗೊತ್ತು. ಇಳಿಯಲಿ. ಗಾಡಿ ನಮ್ಮ ಕೈಯಲ್ಲಿದ್ದದ್ದು ನಿಜ, ದಾಖಲೆಯಲ್ಲೂ ಇರಲಿ. ಕಾಯ್ದೆಯ 50ನೇ ಕಲಮಿನ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. 29 ಮತ್ತು 30ನೇ ನಮೂನೆಗಳು ಇರುವುದು ಅದಕ್ಕೇ. ಸಾಲವಿದ್ದ ಗಾಡಿಯಾದರೆ 35ನೇ ನಮೂನೆಯಲ್ಲಿ ಬ್ಯಾಂಕಿನ ಋಣ ತೀರಿಸಿದ ಗುರುತು, ಹೊರರಾಜ್ಯದ್ದಾದರೆ 28ರಲ್ಲಿ ನಿರಾಕ್ಷೇಪಣೆ. ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆ ತಾನಾಗಿ ಹೋಗುತ್ತದೆ, ಆದರೆ ಪಾಲಿಸಿಯಲ್ಲಿ ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ಮನುಷ್ಯನದು. ಅದನ್ನು ಕೊಳ್ಳುವವರಿಗೆ ಮೊದಲೇ ಹೇಳುತ್ತೇವೆ.

ದೆಹಲಿಯ ಅಗ್ಗದ ಗಾಡಿಗಳ ಆಸೆಗೆ ಬೀಳುವವರಿಗೆ ಒಂದು ಮಾತು. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ, ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದ ನಿರ್ಬಂಧದಿಂದ ಅಲ್ಲಿ ಬೆಲೆ ಕುಸಿದಿತ್ತು. ಇಲ್ಲಿಗೆ ತಂದು ಕರ್ನಾಟಕದ ತೆರಿಗೆ ಕಟ್ಟಿ ಕೆಎ ನಂಬರು ಹಾಕಿಸುವಷ್ಟರಲ್ಲಿ ಆ ಅಗ್ಗ ಎಷ್ಟು ಉಳಿಯುತ್ತದೆ ಎಂದು ಮೊದಲೇ ಕಾಗದದ ಮೇಲೆ ಕೂಡಿ ಕಳೆದು ನೋಡಿ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕವೂ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು.

ಒಂದು ಸಲಕ್ಕೆ ಒಂದೇ ಕಾರು. ಇದು ನಮ್ಮ ನಿಯಮ. ಮೂರು ನಾಲ್ಕು ಗಾಡಿ ಸಾಲಾಗಿ ನಿಲ್ಲಿಸಿಕೊಂಡರೆ ಅದು ವ್ಯಾಪಾರ. ವ್ಯಾಪಾರ ತಪ್ಪಲ್ಲ, ಆದರೆ ಅದಕ್ಕೆ ಬೇರೆ ದಾರಿ ಇದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ನೋಂದಾಯಿತ ವಾಹನಗಳ ಡೀಲರುಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ತಿಳಿಸಬೇಕು. ವ್ಯಾಪಾರದ ತೆರಿಗೆ ಬೇರೆ ಕಟ್ಟಬೇಕು. ಹವ್ಯಾಸದ ಬೋರ್ಡು ಹಾಕಿಕೊಂಡು ವ್ಯಾಪಾರದ ಹೊಣೆ ತಪ್ಪಿಸುವವರು ನಮ್ಮವರಲ್ಲ.

ಲಾಭದ ಲೆಕ್ಕ

ಇದರಲ್ಲಿ ಎಷ್ಟು ಸಿಗುತ್ತದೆ? ಎಲ್ಲರೂ ಕೇಳುವ ಈ ಪ್ರಶ್ನೆಗೆ ಉದಾಹರಣೆಗಾಗಿ ಒಂದು ಅಂದಾಜು. 2012ರ ವ್ಯಾಗನ್ ಆರ್ ಒಂದನ್ನು 1,40,000ಕ್ಕೆ ಕೊಂಡೆವು ಎಂದಿಟ್ಟುಕೊಳ್ಳಿ. ಹೆಸರು ಬದಲಾವಣೆಗೆ 3,000. ಥರ್ಡ್ ಪಾರ್ಟಿ ವಿಮೆಗೆ ಜಿಎಸ್‌ಟಿ ಸೇರಿ ಸುಮಾರು 2,500. ನಾಲ್ಕು ಟೈರು 14,000. ಕ್ಲಚ್ ಸೆಟ್ಟು ಕೂಲಿ ಸಮೇತ 8,000. ಮುಂದಿನ ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್ 9,000. ಬ್ರೇಕ್ ಕೆಲಸ 4,000. ಬ್ಯಾಟರಿ 4,000. ಆಯಿಲ್, ಕೂಲೆಂಟ್, ಫಿಲ್ಟರ್, ಪ್ಲಗ್ 5,000. ಟಿಂಕರಿಂಗ್ ಮತ್ತು ಬಂಪರ್ ಪೇಂಟು 9,000. ಒಟ್ಟು 1,98,500. ಪುಸ್ತಕ ತೋರಿಸಿ, ಬಾಕಿ ಕೆಲಸ ಹೇಳಿ, 2,15,000ಕ್ಕೆ ಮಾರಿದರೆ ಕೈಗೆ 16,500. ನಾವು ದುಡಿದ ಭಾನುವಾರಗಳಿಗೆ ಕೂಲಿ ಕಟ್ಟಿದರೆ ನಷ್ಟ.

ಅದೇ ಗಾಡಿಗೆ 15,000ದ ಪೇಂಟು ಪಾಲಿಶ್ ಹೊಡೆಸಿ, ಸವೆದ ಕ್ಲಚ್ಚು, ಹಳೇ ಟೈರಿನ ಸಮೇತ “ಒಂದ್ ರೂಪಾಯಿ ಕೆಲಸ ಇಲ್ಲ” ಎಂದು ಅದೇ ಬೆಲೆಗೆ ಮಾರಿದರೆ ಐವತ್ತು ಸಾವಿರಕ್ಕೂ ಮಿಕ್ಕಿ ಉಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಯಾರೋ ಕಟ್ಟುತ್ತಾರೆ. ಕೊಂಡ ಮೂರನೇ ತಿಂಗಳು, ಘಾಟಿಯ ನಡುವೆ, ಸಂಸಾರ ಸಮೇತ. ಆ ಬಿಲ್ಲನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದಿಲ್ಲ ಎಂಬುದೇ ನಮ್ಮ ಪ್ರತಿಜ್ಞೆ. ಉಳಿದ ಲಾಭ ಮುಂದಿನ ಗಾಡಿಯ ಬಿಡಿಭಾಗಕ್ಕೆ.

ಹೊಗೆಯ ಪ್ರಶ್ನೆ

ಹಳೇ ಕಾರು ಹೆಚ್ಚು ಹೊಗೆ ಉಗುಳುತ್ತದೆ, ಅದನ್ನು ಉಳಿಸುವುದು ಸರಿಯೇ ಎಂದು ಕೇಳುವವರಿಗೆ ನಮ್ಮ ಉತ್ತರ ಎರಡು ಭಾಗದಲ್ಲಿದೆ. ಒಂದು, ಪ್ರಶ್ನೆ ನ್ಯಾಯವಾದದ್ದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಯಷ್ಟು ಶುದ್ಧವಾಗಿ ಕಾರ್ಬುರೇಟರಿನ 800 ಉಸಿರಾಡಲಾರದು. ಎರಡು, ಹೊಸ ಕಾರಿನ ಉಕ್ಕು, ಅಲ್ಯುಮಿನಿಯಂ, ಪ್ಲಾಸ್ಟಿಕ್ಕು ತಯಾರಾಗುವಾಗಲೂ ಹೊಗೆ ಹುಟ್ಟಿರುತ್ತದೆ. ಅದು ನಮ್ಮ ಬೀದಿಯಲ್ಲಿ ಕಾಣದಷ್ಟೇ. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿಸುವ ಮನೆಗೆ ಚೆನ್ನಾಗಿ ಸರಿಮಾಡಿದ ಹಳೇ ಗಾಡಿ ಒಪ್ಪುತ್ತದೆ. ದಿನಕ್ಕೆ ನೂರು ಓಡಿಸುವ ಟ್ಯಾಕ್ಸಿಯವರಿಗೆ ನಾವು ಅದನ್ನು ಮಾರುವುದಿಲ್ಲ.

ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಅದರೊಳಗಿನ ಬೆಲೆಬಾಳುವ ಲೋಹ ಮಾರಿಕೊಳ್ಳುವುದು ಈ ದಂಧೆಯ ಗುಟ್ಟಾದ ಕೊಳಕು. ನಮ್ಮ ಗಾಡಿಯಲ್ಲಿ ಅದು ಇದ್ದೇ ಇರುತ್ತದೆ. ತೆಗೆದ ಇಂಜಿನ್ ಆಯಿಲ್ ಮೋರಿಗೆ ಹೋಗುವುದಿಲ್ಲ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಡಬ್ಬಿಯಲ್ಲಿ ಕೂಡಿಟ್ಟು ಪರವಾನಗಿ ಇರುವ ಸಂಸ್ಕರಣೆಯವರಿಗೆ ಕೊಡುತ್ತೇವೆ. ಏಸಿ ಗ್ಯಾಸನ್ನು ಗಾಳಿಗೆ ಬಿಡುವುದಿಲ್ಲ. ಆರ್134ಎ ಒಂದು ಕಿಲೋ ಬಿಟ್ಟರೆ ಸಾವಿರಕ್ಕೂ ಹೆಚ್ಚು ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇನ್ನು ಪ್ರಾಣ ಹೋದ ಗಾಡಿಯನ್ನು ಎಬ್ಬಿಸುವ ಹಟವೂ ಬೇಡ. ತಳ ಕರಗಿದ ಗಾಡಿಯನ್ನು 2021ರ ನಿಯಮಗಳಡಿ ನೋಂದಾಯಿಸಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು, ನೋಂದಣಿ ರದ್ದು ಮಾಡಿಸಿ, ಪ್ರಮಾಣಪತ್ರ ತರುತ್ತೇವೆ. ಯಾವುದನ್ನು ಉಳಿಸಬಾರದು ಎಂದು ತಿಳಿಯುವುದೂ ವಿದ್ಯೆಯೇ.

ನಮ್ಮ ಬೇಡಿಕೆಗಳು

ಕಾರು ಕಂಪನಿಗಳಿಗೆ: ಬಿಡಿಭಾಗ, ವರ್ಕ್‌ಶಾಪ್ ಮ್ಯಾನುಯಲ್, ದೋಷ ಪತ್ತೆಯ ಉಪಕರಣ ಎಲ್ಲರಿಗೂ ದುಡ್ಡಿಗೆ ಸಿಗಬೇಕು. ಇದು ಹೊಸ ಬೇಡಿಕೆಯಲ್ಲ. ಇವನ್ನು ಮುಕ್ತ ಮಾರುಕಟ್ಟೆಗೆ ಬಿಡುತ್ತಿಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ದಂಡದ ವ್ಯಾಜ್ಯ ಮೇಲಿನ ಕೋರ್ಟುಗಳಿಗೆ ಹೋಯಿತು. ಬೀದಿ ಗ್ಯಾರೇಜಿನ ಮೇಸ್ತ್ರಿ ಇವತ್ತಿಗೂ ನಕಲಿ ಸ್ಕ್ಯಾನರಿನಲ್ಲಿ ತಡಕಾಡುತ್ತಿದ್ದಾರೆ.

ಕೇಂದ್ರ ಸರ್ಕಾರಕ್ಕೆ: 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿ, ವಾಹನ ಕ್ಷೇತ್ರವನ್ನೂ ಅದರಲ್ಲಿ ಸೇರಿಸಿ, ಪೋರ್ಟಲ್ ತೆರೆದಿದ್ದೀರಿ. ಅದನ್ನು ಕಾನೂನು ಮಾಡಿ. ಮೀಟರು ತಿರುಗಿಸುವುದಕ್ಕೆಂದೇ ನೇರ ಶಿಕ್ಷೆ ಬರೆಯಿರಿ. ಪ್ರತಿ ಎಫ್‌ಸಿಯಲ್ಲಿ, ವಿಮೆ ನವೀಕರಣದಲ್ಲಿ ಮೀಟರಿನ ಅಂಕಿ ನಿಮ್ಮ ‘ವಾಹನ್’ ನೋಂದಣಿ ದಾಖಲೆಗೆ ಸೇರಲಿ. ಮಾಲೀಕರ ಹೆಸರು ಗುಟ್ಟಾಗಿರಲಿ, ಗಾಡಿಯ ಅಪಘಾತ ಗುಟ್ಟಾಗಬೇಕಿಲ್ಲ.

ನಮ್ಮ ಸಾರಿಗೆ ಇಲಾಖೆಗೆ: ಹೆಸರು ಬದಲಾವಣೆ ದಲ್ಲಾಳಿಯ ನೆರವಿಲ್ಲದೆ ಮುಗಿಯಲಿ. ಹೊರರಾಜ್ಯಕ್ಕೆ ಹೋದ ಗಾಡಿಯ ತೆರಿಗೆ ವಾಪಸಾತಿ ಅಲೆದಾಟವಿಲ್ಲದೆ ಆಗಲಿ.

ಕೊಳ್ಳುವವರಿಗೆ: “ಎಷ್ಟು ಕೊಡುತ್ತೆ, ಎಷ್ಟು ಓಡಿದೆ” ಎಂಬ ಎರಡೇ ಪ್ರಶ್ನೆ ಸಾಲದು. ಬಿಲ್ಲು ಕೇಳಿ. ಬಾಕಿ ಕೆಲಸ ಕೇಳಿ. ನಿಮ್ಮ ಮೆಕ್ಯಾನಿಕ್ಕನ್ನು ಕರೆತನ್ನಿ. ನಿಜ ಹೇಳಿದವರ ಗಾಡಿಗೆ ಐದು ಸಾವಿರ ಹೆಚ್ಚು ಕೊಡಿ. ನಿಜಕ್ಕೆ ಬೆಲೆ ಕಟ್ಟದ ಕಡೆ ಯಾರೂ ಅದನ್ನು ಮಾರಾಟಕ್ಕಿಡುವುದಿಲ್ಲ.

ಗ್ಯಾರೇಜಿನವರಿಗೆ: ಹೆಂಗಸರು ಗಾಡಿ ತಂದರೆ “ಮನೇಲಿ ಯಾರಾದ್ರೂ ಗಂಡಸರಿದ್ರೆ ಕಳ್ಸಿಯಮ್ಮ” ಎನ್ನಬೇಡಿ. ನಮ್ಮ ಬಳಗದಲ್ಲಿ ಸಿವಿ ಜಾಯಿಂಟ್ ಬಿಚ್ಚಿ ಕೂಡಿಸುವ ಹೆಂಗಸರಿದ್ದಾರೆ.

ಸೇರುವುದು ಹೇಗೆ

ಈ ಬಳಗಕ್ಕೆ ಕಚೇರಿ ಇಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಪ್ರತಿ ತಾಲೂಕಿನಲ್ಲಿ ನಾಲ್ಕು ಜನ ಕೂಡಿ ಒಂದು ಟಾರ್ಕ್ ರೆಂಚು, ಒಂದು ಸ್ಕ್ಯಾನರು, ಒಂದು ಜೊತೆ ಸ್ಟ್ಯಾಂಡು ಹಂಚಿಕೊಂಡರೆ ಅದೇ ಶಾಖೆ. ಒಬ್ಬರು ಕೊಳ್ಳುವ ಗಾಡಿಯನ್ನು ಇನ್ನೊಬ್ಬರು ನೋಡಿಕೊಡಬೇಕು, ಅದಕ್ಕೆ ಕಮಿಷನ್ ತೆಗೆದುಕೊಳ್ಳಬಾರದು. ಕಲಿತದ್ದನ್ನು ಕೇಳಿದವರಿಗೆ ಹೇಳಿಕೊಡಬೇಕು.

ಸೇರಲು ಕಾರು ಕೊಳ್ಳುವುದೂ ಬೇಕಿಲ್ಲ. ಈಗ ನಿಮ್ಮ ಮನೆ ಮುಂದೆ ನಿಂತಿರುವ ಗಾಡಿಯಿಂದಲೇ ಶುರು ಮಾಡಿ. ಒಂದು ನೋಟ್‌ಬುಕ್ ತನ್ನಿ. ಇವತ್ತಿನ ತಾರೀಕು, ಮೀಟರಿನ ಅಂಕಿ ಬರೆಯಿರಿ. ನಿಮಗೆ ಗೊತ್ತಿರುವ, ಬೇರೆ ಯಾರಿಗೂ ಹೇಳದ ಅದರ ದೋಷಗಳನ್ನು ಕೊನೆಯ ಪುಟದಲ್ಲಿ ಒಂದೊಂದಾಗಿ ಬರೆಯಿರಿ. ಮಾರುವ ದಿನ ಆ ಪುಸ್ತಕವನ್ನು ಕೀಲಿಯ ಜೊತೆ ಕೊಡಿ. ಕೊಂಡವರು ಬರೆಯುವುದನ್ನು ಮುಂದುವರಿಸಿದರೆ ಅವರೂ ನಮ್ಮವರಾದರು, ಬಳಗ ಬೆಳೆಯಿತು.